ಮೇಣದಕ್ಕ ಕಂಡ ಮೂರು ಗೆರೆ

ಮೇಣದಕ್ಕ ಚಕ್ರ ತಿರುಗಿಸುತ್ತಿರುವಾಗ ಬಾಗಿಲು ತೆರೆಯಬಾರದು. ಅವಳ ಕೋಣೆಗೆ ಸರಕು ಹಾಕುವವರು ಮೊದಲು ಕಲಿಯಬೇಕಾದದ್ದು ಇದು. ನಾನು ಕಲಿತದ್ದು ಹದಿನೇಳು ವರ್ಷಗಳ ಹಿಂದೆ, ಮೊದಲ ದಿನವೇ. ಗಾಜಿನ ಪಟ್ಟಿಗಳ ಡಬ್ಬಿಯನ್ನು ಹೆಗಲಿಗೇರಿಸಿ, ವ್ಯಾಪಾರದ ನಗೆಯನ್ನು ಮುಖಕ್ಕೇರಿಸಿ, ಬಾಗಿಲನ್ನು ಮೊಣಕಾಲಿನಿಂದ ದೂಡಿದೆ. ಗಾಳಿ ನುಗ್ಗಿತು. ಅಲಗಿನ ತುದಿಯಿಂದ ಇಳಿಯುತ್ತಿದ್ದ ಮೇಣದ ತೆಳುಪಟ್ಟಿಯೊಂದು ಮೇಲೆದ್ದು ಹಾರಿ ನನ್ನ ಮೀಸೆಗೆ ಬಂದು ಅಂಟಿತು.

“ಅಲುಗಬೇಡಿ,” ಎಂದಳು, ಚಿಮುಟ ಹಿಡಿದು ಹತ್ತಿರ ಬಂದವಳು. “ಯಾರದೋ ಗರ್ಭಕೋಶ ಅದು.”

ಆ ದಿನದಿಂದ ನಾನು ಅವಳಿಗೆ ಗಾಜಿನಣ್ಣ, ಅವಳು ನನಗೆ ಮೇಣದಕ್ಕ. ವಯಸ್ಸಿನಲ್ಲಿ ಯಾರು ದೊಡ್ಡವರೆಂದು ಇಬ್ಬರೂ ಕೇಳಿಕೊಂಡಿಲ್ಲ. ಕೇಳಿದರೆ ಒಬ್ಬರಿಗೆ ನಷ್ಟ.

ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಕೋಣೆ ಅವಳದು. ಮೇಲೆ ಆಪರೇಷನ್ ಆದವರ ಮೈಯಿಂದ ತೆಗೆದ ಚೂರುಗಳು ಮೇಣದ ಅಚ್ಚುಗಳೊಳಗೆ ಕೂತು ಅವಳ ಮೇಜಿಗೆ ಬರುತ್ತವೆ. ಅವನ್ನು ಮಂಜುಗಡ್ಡೆಯ ತಟ್ಟೆಯಲ್ಲಿ ತಣ್ಣಗೆ ಮಾಡಿ, ಯಂತ್ರಕ್ಕೆ ಸಿಕ್ಕಿಸಿ, ಚಕ್ರ ತಿರುಗಿಸಿ ಕುಯ್ಯುತ್ತಾಳೆ. ಎಷ್ಟು ತೆಳುವೆಂದರೆ, ಒಂದು ಕೂದಲನ್ನು ಉದ್ದಕ್ಕೆ ಇಪ್ಪತ್ತಾಗಿ ಸೀಳಿದರೆ ಅದರಲ್ಲಿ ಒಂದು ಪಾಲು. ಆ ಪಾಲನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ನಾನು ಮಾರಿದ ಗಾಜಿನ ಮೇಲೆ ಎತ್ತಿಕೊಂಡು, ಬಣ್ಣ ಹಾಕಿ ಮೇಲಿನ ಮಹಡಿಗೆ ಕಳಿಸುತ್ತಾಳೆ. ಅಲ್ಲಿ ಡಾಕ್ಟರಮ್ಮ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಯಾರಿಗೆ ಏನು ಎಂದು ಬರೆಯುತ್ತಾರೆ.

ಮೇಣದಕ್ಕ ಇದನ್ನು ಯಾವ ಕಾಲೇಜಿನಲ್ಲೂ ಕಲಿತವಳಲ್ಲ. ಮೇಣದಬತ್ತಿಯ ಕಾರ್ಖಾನೆಯೊಂದು ಬಾಗಿಲು ಹಾಕಿದಾಗ ಈ ಕೋಣೆಗೆ ನೆಲ ಒರೆಸಲು ಬಂದಳು. ಆಗಿದ್ದ ಮುದುಕ ಕುಯ್ಯುವವನಿಗೆ ಪಟ್ಟಿ ಹರಿದು ಹರಿದು ಬರುತ್ತಿತ್ತು. ಬಕೆಟ್ ಕೆಳಗಿಟ್ಟು, “ಮೇಣ ಬೆಚ್ಚಗಿದೆ ಅಜ್ಜ, ಅದನ್ನ ಮೊದಲು ನಡುಗಿಸಿ,” ಎಂದಳಂತೆ. ಮುದುಕ ಸಿಟ್ಟಿನಿಂದ ಎದ್ದು ನಿಂತು, “ಕೂತ್ಕೋ ನೋಡೋಣ,” ಎಂದನಂತೆ. ಕೂತವಳು ಇಪ್ಪತ್ತಾರು ವರ್ಷವಾದರೂ ಎದ್ದಿಲ್ಲ. ಅವಳ ಗಂಡ ಎರಡು ಬೀದಿಯಾಚೆ ಕ್ಷೌರದಂಗಡಿ ಇಟ್ಟಿದ್ದಾನೆ. “ನಮ್ಮಿಬ್ಬರದೂ ಅಲಗಿನ ಬದುಕೇ,” ಎನ್ನುತ್ತಾನೆ ಕೆನ್ನೆಗೆ ಸಾಬೂನು ಹಚ್ಚುತ್ತಾ. “ನನ್ನ ಗಿರಾಕಿ ಅಲುಗಿದರೆ ಬೈತೀನಿ. ಅವಳ ಗಿರಾಕಿ ಅಲುಗೋದೇ ಇಲ್ಲ, ಅದೃಷ್ಟವಂತೆ.”

ಅವಳ ಕೋಣೆಯ ಕಿಟಕಿಯ ಹೊರಗೆ ರೋಗಿಗಳ ನೆಂಟರು ಬಂದು ನಿಲ್ಲುತ್ತಾರೆ. ಏನಾದರೂ ಗೊತ್ತಾಯಿತೇನಮ್ಮ ಎಂದು ಕೇಳುತ್ತಾರೆ, ಕಣ್ಣೀರು ಹಾಕುತ್ತಾರೆ, ಹಣ್ಣಿನ ಚೀಲ ಮುಂದೆ ಮಾಡುತ್ತಾರೆ. ಎಲ್ಲರಿಗೂ ಒಂದೇ ಉತ್ತರ: “ನಾನು ಕುಯ್ಯೋಳು, ಓದೋಳಲ್ಲ.” ಮೂಲೆಯಲ್ಲಿ ಅವಳಿಗೂ ಒಂದು ಹಳೆಯ ಸೂಕ್ಷ್ಮದರ್ಶಕವಿದೆ. ಅದೇಕೆ ಎಂದು ನಾನು ಕೇಳಿದ್ದೆ. “ಪಟ್ಟಿ ಮಡಿಚಿದೆಯಾ ಅಂತ ನೋಡ್ತೀನಿ, ಅಷ್ಟೇ.” ಅಷ್ಟೇ ಎಂಬ ಮಾತನ್ನು ವ್ಯಾಪಾರಿಯಾದವನು ನಂಬಬಾರದು. ನಾನು ಹದಿನೇಳು ವರ್ಷ ನಂಬಿದೆ.

ಕಳೆದ ವರ್ಷ ನನ್ನ ಹೆಂಡತಿಯ ಕುತ್ತಿಗೆಯಲ್ಲಿ, ಥೈರಾಯ್ಡ್ ಗ್ರಂಥಿಯ ಎಡಗಡೆ, ಒಂದು ಗಂಟು ಕಾಣಿಸಿತು. ನಮ್ಮ ಅಂಗಡಿಯ ಫೋನು ಎತ್ತುವವಳು ಅವಳು. ಮೂರು ಊರಿನ ಪ್ರಯೋಗಾಲಯದವರಿಗೆ ನನ್ನ ಮುಖ ಗೊತ್ತಿಲ್ಲ, ಅವಳ ಧ್ವನಿ ಗೊತ್ತು. ಒಂದು ಡಬ್ಬಿ ಕೇಳಿದವರಿಗೆ ನಾಲ್ಕು ಡಬ್ಬಿ ಬೇಕಿತ್ತೆಂದು ಅವರಿಗೇ ನೆನಪಿಸುವ ಧ್ವನಿ. ಆ ಧ್ವನಿಯ ಗೂಡಿನ ಪಕ್ಕದಲ್ಲೇ ಗಂಟು. ಸೂಜಿ ಚುಚ್ಚಿ ನಾಲ್ಕು ಹನಿ ತೆಗೆದು ನೋಡಬೇಕೆಂದರು.

ನನ್ನ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಹೊಸ ಸರಕು ಬಂದರೆ ಅದರ ಮಾದರಿಯನ್ನು ಮೂರು ಕಡೆ ಪರೀಕ್ಷೆಗೆ ಕೊಡುತ್ತೇನೆ. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಹೇಳುವುದಿಲ್ಲ. ಹೇಳಿದರೆ ಎರಡನೆಯವರು ಮೊದಲನೆಯವರ ಉತ್ತರವನ್ನೇ ಸ್ವಲ್ಪ ಬಿಸಿ ಮಾಡಿ ಬಡಿಸುತ್ತಾರೆ. ಈ ಪದ್ಧತಿಯಿಂದ ನಾನು ಕೆಟ್ಟ ಗಾಜನ್ನೂ ಕಲಬೆರಕೆ ಮೇಣವನ್ನೂ ಎಷ್ಟೋ ಸಲ ಬಾಗಿಲಿಂದಾಚೆ ನೂಕಿದ್ದೇನೆ. ಹೆಂಡತಿಯ ಕುತ್ತಿಗೆಗೂ ಅದೇ ಪದ್ಧತಿ ಹಚ್ಚಿದೆ.

ಮೊದಲನೆಯ ಕಡೆ ಮೇಲಿನಿಂದ ಚುಚ್ಚಿದರು. ಬಂದದ್ದು ಸಾಲದು ಎಂದರು. ಎರಡು ವಾರ ಬಿಟ್ಟು ಇನ್ನೊಂದು ಕಡೆ, ಪಕ್ಕದಿಂದ. ಕೆಟ್ಟದ್ದೇನೂ ಕಾಣುವುದಿಲ್ಲ ಎಂದರು. ಸಾಲದು ಮತ್ತು ಕಾಣುವುದಿಲ್ಲ, ಎರಡೂ ಒಪ್ಪುವ ಮಾತಲ್ಲವೆಂದು ಇನ್ನೆರಡು ವಾರಕ್ಕೆ ಮೇಣದಕ್ಕನ ಆಸ್ಪತ್ರೆಗೇ ಕರೆದುಕೊಂಡು ಹೋದೆ. ಅಲ್ಲಿಯ ಸರ್ಜನ್ನು ನನ್ನ ಹೆಂಡತಿಯ ಮುಖ ನೋಡಿ, “ಇದಕ್ಕೆ ಮುಂಚೆ ಎಲ್ಲಾದ್ರೂ ಸೂಜಿ ಹಾಕ್ಸಿದ್ರಾ?” ಎಂದು ಕೇಳಿದರು.

“ಇಲ್ಲ ಡಾಕ್ಟ್ರೇ, ಇದೇ ಮೊದಲು,” ಎಂದೆ ನಾನು. ಹೆಂಡತಿ ನನ್ನತ್ತ ತಿರುಗಿದಳು. ಮೇಜಿನ ಕೆಳಗೆ ಅವಳ ಕಾಲನ್ನು ಮೆಲ್ಲಗೆ ಒತ್ತಿದೆ.

ಅವರು ಕೆಳಗಿನಿಂದ ಚುಚ್ಚಿದರು. ಏನೆಂದು ಸೂಜಿಯಲ್ಲಿ ಹೇಳಲಾಗದು, ಗಂಟನ್ನು ಇಡಿಯಾಗಿ ತೆಗೆದರೆ ಮಾತ್ರ ಗೊತ್ತಾಗುವ ಜಾತಿ ಇದು ಎಂದರು. ಐದು ವಾರದ ಮೇಲೆ ಗ್ರಂಥಿಯ ಎಡ ಅರ್ಧವನ್ನು ತೆಗೆದರು. ಹತ್ತು ದಿನಕ್ಕೆ ವರದಿ ಬಂತು.

ಸರ್ಜನ್ನು ಕಾಗದವನ್ನು ಮೇಜಿನ ಮೇಲೆ ನಮ್ಮ ಕಡೆಗೆ ತಿರುಗಿಸಿಟ್ಟರು. ಗಂಟಿನ ಸುತ್ತ ಒಂದು ಪೊರೆ ಇರುತ್ತದೆ, ಅದು ಗಟ್ಟಿಯಾಗಿದ್ದರೆ ಚಿಂತೆಯಿಲ್ಲ. ಇಲ್ಲಿ ಎರಡು ಕಡೆ ಅದನ್ನು ಒಡೆದುಕೊಂಡು ಹೊರಬಂದಿದೆ, ಒಂದು ರಕ್ತನಾಳದೊಳಗೂ ಕಣಗಳು ಕಾಣುತ್ತಿವೆ. ಕ್ಯಾನ್ಸರ್. ಉಳಿದ ಅರ್ಧವನ್ನೂ ತೆಗೆಯಬೇಕು, ಆಮೇಲೆ ವಿಕಿರಣದ ಔಷಧಿ ಕುಡಿದು ಕೆಲವು ದಿನ ಒಂಟಿ ಕೋಣೆಯಲ್ಲಿ ಇರಬೇಕು. ಬಲಗಡೆಯ ಧ್ವನಿಯ ನರಕ್ಕೆ ಏನೂ ಆಗದಂತೆ ನೋಡಿಕೊಳ್ಳುತ್ತಾರೆ, ಆದರೆ ಮಾತು ಕೊಡಲಾರರು. ಎಡಗಡೆಯದು ಮೊದಲ ಆಪರೇಷನ್ನಿನಲ್ಲೇ ಸುಸ್ತಾಗಿದೆ. ಗುರುವಾರ ಬೆಳಿಗ್ಗೆ ಏಳು ಗಂಟೆಗೆ ಬನ್ನಿ.

ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ಹೆಂಡತಿ ಎದುರಿನ ಗೋಡೆ ನೋಡುತ್ತಾ, ಆಗಲೇ ಒಡೆದಿದ್ದ ಧ್ವನಿಯಲ್ಲಿ, “ಫೋನ್ ಯಾರು ಎತ್ತೋದು?” ಎಂದಳು.

ಸೋಮವಾರ ಮೇಣದಕ್ಕನಿಗೆ ಗಾಜು ಕೊಡುವ ದಿನ. ಹೋದೆ, ಕಾಲು ತಾನಾಗಿ ಹೋಯಿತು. ಡಬ್ಬಿಗಳನ್ನು ತಲೆಕೆಳಗಾಗಿ ಜೋಡಿಸುತ್ತಿದ್ದವನನ್ನು ನೋಡಿ ಅವಳು ಕುಂಚ ತೊಳೆಯುವುದನ್ನು ನಿಲ್ಲಿಸಿದಳು.

“ಗಾಜಿನಣ್ಣ, ಕುಡಿದಿದ್ದೀರಾ?”

ಹೇಳಿದೆ. ಎಲ್ಲ ಹೇಳಿದೆ, ಮೂರು ಸೂಜಿಯ ವಿಷಯ ಬಿಟ್ಟು. ಅವಳಿಗೆ ಹೆಸರುಗಳು ಗೊತ್ತಿರುವುದಿಲ್ಲ. ಅಚ್ಚಿನ ಮೇಲೆ ನಂಬರ್ ಮಾತ್ರ ಇರುತ್ತದೆ. “ನಂಬರ್ ಎಷ್ಟು?” ಎಂದಳು. ಜೇಬಿನಿಂದ ವರದಿ ತೆಗೆದು ಓದಿದೆ. ಅವಳ ಕೈಯಲ್ಲಿದ್ದ ಕುಂಚದಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು.

“ಆ ಗಂಟು ನನಗೆ ನೆನಪಿದೆ.”

“ದಿನಾ ನಲವತ್ತು ಅಚ್ಚು ಕುಯ್ತೀರಿ, ಅದು ಹೇಗೆ ನೆನಪಿರುತ್ತೆ?”

“ತಲೆಗಲ್ಲ, ಕೈಗೆ. ಥೈರಾಯ್ಡು ಬೆಣ್ಣೆ ಥರ ಕುಯ್ಯುತ್ತೆ. ಇದು ಅಲಗನ್ನ ಹಿಡ್ಕೊಂಡು ಎಳೀತು, ಹೊಲಿಗೆ ಹಾಕಿದ ಬಟ್ಟೆ ಕತ್ತರಿಸಿದ ಹಾಗೆ. ಆರು ಅಚ್ಚಲ್ಲಿ ಮೂರು ಹಾಗೇ ಮಾಡಿದ್ವು.” ಕುಂಚ ಕೆಳಗಿಟ್ಟು ಕೇಳಿದಳು: “ಅವರಿಗೆ ಸೂಜಿ ಎಷ್ಟು ಸಲ ಹಾಕಿದ್ರು?”

“ಒಂದೇ ಸಲ,” ಎಂದೆ.

ಬಾಯಿಯ ಅಭ್ಯಾಸ. ಯಾರಿಗೂ ಇನ್ನೊಬ್ಬರ ಸುದ್ದಿ ಹೇಳದ ಬಾಯಿ ಅದು, ಮನೆಗೆ ಬೆಂಕಿ ಬಿದ್ದಾಗಲೂ ಎಲ್ಲಿ ಎಂದು ಕೇಳಿದರೆ ಎದುರುಮನೆ ತೋರಿಸುತ್ತದೆ. ಅವಳು ವರದಿಯ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಂಡಳು.

ಮಂಗಳವಾರ ಅಂಗಡಿಗೆ ಫೋನು ಬಂತು. ಹೆಂಡತಿ ಎತ್ತಿದಳು. “ನಿಮ್ಮ ಮೇಣದಕ್ಕ. ಏನೂ ತರೋದು ಬೇಡವಂತೆ, ನೀವು ಬಂದರೆ ಸಾಕಂತೆ,” ಎಂದಳು ಹುಬ್ಬೇರಿಸಿ.

ಮೇಣದಕ್ಕ ಬಾಗಿಲಿಗೆ ಅಗುಳಿ ಹಾಕಿ, ಮೂಲೆಯ ಸೂಕ್ಷ್ಮದರ್ಶಕದ ಮುಂದೆ ನನ್ನನ್ನು ಕೂರಿಸಿದಳು. ಇಷ್ಟು ವರ್ಷ ಗಾಜು ಮಾರಿದವನು ಅದರೊಳಗೆ ಒಂದು ದಿನವೂ ಇಣುಕಿರಲಿಲ್ಲ. ತಿಳಿಗುಲಾಬಿ ಬಣ್ಣದ ಬಯಲು. ಅದರಲ್ಲಿ ಒಂದು ನೀಲಿ ಗೆರೆ, ಅಳತೆಪಟ್ಟಿ ಇಟ್ಟು ಎಳೆದಷ್ಟು ನೇರ, ಒಳಗಿನಿಂದ ಬಂದು ಅಂಚಿನ ಪೊರೆಯನ್ನು ಹಾಯ್ದು ಹೊರಗೆ ಹೋಗಿತ್ತು.

“ಇದು ಏನು?”

“ನಿಮ್ಮ ಹೆಂಡತಿ,” ಎಂದಳು.

ಅವಳು ಗಾಜು ಬದಲಿಸಿದಳು. ಇನ್ನೊಂದು ನೀಲಿ ಗೆರೆ. ಮತ್ತೆ ಬದಲಿಸಿದಳು. ಮತ್ತೊಂದು.

“ರಕ್ತ ಇಂಗಿ ಹಳೇದಾದ ಕಡೆ ಕಬ್ಬಿಣದಂಶ ಉಳಿಯುತ್ತೆ. ಈ ಬಣ್ಣ ಹಾಕಿದರೆ ಅದು ಮಾತ್ರ ನೀಲಿ ಆಗುತ್ತೆ. ಒಂದು ಗೆರೆ ಕೆಳಗಿನಿಂದ. ಅದು ಇಲ್ಲಿಯ ಸೂಜಿ, ಕಾಗದದಲ್ಲಿ ಬರೆದಿದೆ. ಇನ್ನೊಂದು ಮೇಲಿನಿಂದ, ಇನ್ನೊಂದು ಪಕ್ಕದಿಂದ. ಡಾಕ್ಟರಮ್ಮ ಒಡೆದಿದೆ ಅಂತ ಬರೆದಿರೋದು ಆ ಎರಡು ಜಾಗದಲ್ಲೇ. ಒಂದೇ ದಿನ ನಾಲ್ಕು ಚುಚ್ಚು ಚುಚ್ಚಿದ್ರೂ ಒಂದೇ ಕಡೆಯಿಂದ ಚುಚ್ತಾರೆ, ಗಾಜಿನಣ್ಣ. ಈಗ ಹೇಳಿ. ಎಷ್ಟು ಸಲ?”

ಬೆರಳು ತೋರಿಸಿದೆ. ಮೂರು.

ಅವಳು ಬೈಯುತ್ತಾಳೆಂದುಕೊಂಡೆ. ಅವಳು ನನ್ನನ್ನು ನೋಡಿದ ನೋಟದಲ್ಲಿ ಬೈಗುಳವಿರಲಿಲ್ಲ, ಬೆರಗಿತ್ತು. ಕಟ್ಟೆಯ ಮೇಲೆ ನೆಟ್ಟಗೆ ಕೂತಿದ್ದ ಮನುಷ್ಯ ಇದ್ದಕ್ಕಿದ್ದಂತೆ ಬಾವಿಯೊಳಕ್ಕೆ ಹಿಮ್ಮುಖವಾಗಿ ಬಿದ್ದರೆ ನೋಡುವವರಿಗೆ ಆಗುವ ಬೆರಗು. ನನಗೆ ನಿಧಾನವಾಗಿ ಅರ್ಥವಾಗತೊಡಗಿತು. ಗಂಟು ಪೊರೆ ಒಡೆದುಕೊಂಡು ಹೊರಗೆ ಬಂದಿರಲಿಕ್ಕಿಲ್ಲ. ನಾನು ಒಡೆಸಿದ್ದೆ, ಎರಡು ಕಡೆ, ನಗುಮುಖದ ದಾದಿಯರ ಎದುರಿಗೆ, ಹೆಂಡತಿಯ ಕೈ ಹಿಡಿದುಕೊಂಡು. ಆ ತೂತಿಗೆ ಕ್ಯಾನ್ಸರ್ ಎಂಬ ಹೆಸರು ಬಿದ್ದಿತ್ತು. ನಾಡಿದ್ದು ಬೆಳಿಗ್ಗೆ ಏಳಕ್ಕೆ ಅದಕ್ಕಾಗಿ ಅವಳ ಗಂಟಲನ್ನು ಮತ್ತೆ ತೆರೆಯುವವರಿದ್ದರು.

“ಈ ಬಣ್ಣ ಹಾಕು ಅಂತ ನನಗೆ ಯಾರೂ ಹೇಳಿಲ್ಲ,” ಎಂದಳು ಮೇಣದಕ್ಕ, ಮೂರು ಗಾಜುಗಳನ್ನು ತಟ್ಟೆಗೆ ಜೋಡಿಸುತ್ತಾ. “ಇಪ್ಪತ್ತಾರು ವರ್ಷದಲ್ಲಿ ಕೇಳದೆ ಒಂದು ಹನಿ ಹಾಕಿಲ್ಲ. ಮೇಲೆ ಡಾಕ್ಟರಮ್ಮನಿಗೆ ತೋರಿಸಿದ್ಮೇಲೆ ಈ ಕುರ್ಚಿ ನಂದಾಗಿರುತ್ತೋ ಇಲ್ವೋ. ಏಳಿ, ಅಳೋದು ಆಮೇಲೆ.”

ಡಾಕ್ಟರಮ್ಮ ಮೂಗಿನ ಮೇಲೊಂದು, ಹಣೆಯ ಮೇಲೊಂದು ಕನ್ನಡಕವಿರುವ ಹೆಂಗಸು. ತಟ್ಟೆಯನ್ನು ನೋಡಿ ಎರಡನ್ನೂ ತೆಗೆದರು.

“ಯಾರು ಕೇಳಿದ್ರು ಇದನ್ನ?”

“ಯಾರೂ ಕೇಳಿಲ್ಲ ಮೇಡಂ.”

“ನಿಮಗೆ ಓದೋ ಕೆಲಸ ಯಾವಾಗ ಕೊಟ್ಟೆ ನಾನು?”

“ಕೊಟ್ಟಿಲ್ಲ ಮೇಡಂ. ಮೊದಲು ನೋಡಿ, ಆಮೇಲೆ ಬೈಯಿರಿ.”

ಡಾಕ್ಟರಮ್ಮನ ಕಿವಿ ಕೆಂಪಾಯಿತು. ಆದರೂ ನೋಡಿದರು. ಮೊದಲ ಗಾಜು, ಎರಡನೆಯದು, ಮೂರನೆಯದು, ಮತ್ತೆ ಮೊದಲನೆಯದು. ನಾನು ಬಾಗಿಲ ಬಳಿ ನಿಂತು ನನ್ನ ಬೂಟಿನ ದಾರ ನೋಡುತ್ತಿದ್ದೆ.

“ನೀಲಿ ಇದ್ದ ಮಾತ್ರಕ್ಕೆ ಏನೂ ಸಾಬೀತಾಗಲ್ಲ,” ಎಂದರು ಕೊನೆಗೆ, ಧ್ವನಿ ತಗ್ಗಿಸಿ. “ಗಂಟಿನೊಳಗೆ ತಾನಾಗಿಯೂ ರಕ್ತ ಸೋರುತ್ತೆ. ಆದ್ರೆ ಕ್ಯಾನ್ಸರ್ ಹೊರಗೆ ಬರುವಾಗ ಅಣಬೆ ಥರ ಉಬ್ಬಿ ಬರುತ್ತೆ. ಇದು ನೆಟ್ಟಗಿದೆ, ದಾರಿಯುದ್ದ ಗಾಯ ಮಾಯ್ದ ಗುರುತಿದೆ. ಸೂಜಿ ಅಂತ ಯೋಚನೆ ಮಾಡಿದ್ದೆ ನಾನು. ಕಾಗದದಲ್ಲಿ ಒಂದೇ ಸೂಜಿ, ಕೆಳಗಿನಿಂದ ಅಂತಿತ್ತು. ಅದಕ್ಕೇ ಬಿಟ್ಟೆ. ಈ ಒಂದು ಅಂತ ಹೇಳಿದ ಪುಣ್ಯಾತ್ಮ ಯಾರು?”

“ನಾನೇ,” ಎಂದೆ ಬೂಟಿಗೆ.

ಆ ಎರಡು ಪರೀಕ್ಷೆಯ ಕಾಗದಗಳನ್ನು ಒಂದು ಗಂಟೆಯೊಳಗೆ ತರಬೇಕೆಂದು ಡಾಕ್ಟರಮ್ಮ ಕಳಿಸಿದರು.

ಮನೆಗೆ ಓಡಿ, ಏದುಸಿರಿನಲ್ಲಿ ಹೆಂಡತಿಗೆ ಹೇಳಿದೆ. ಅವಳು ಬೀರು ತೆಗೆದು, ಹುಡುಕದೆಯೇ, ಕಾಗದಗಳನ್ನು ಎಳೆದು ಹೊರತಂದಳು.

“ಚುಚ್ಚಿಸಿಕೊಂಡೋಳು ನಾನು,” ಎಂದಳು. “ಡಾಕ್ಟ್ರು ನನ್ನ ಮುಖ ನೋಡಿ ಕೇಳಿದ್ರು. ಉತ್ತರ ನಿಮ್ಮ ಬಾಯಿಂದ ಬಂತು.”

“ನೀನಾದ್ರೂ ಹೇಳಬಹುದಿತ್ತಲ್ಲ.”

“ಕೊಳ್ಳೋ ಕಡೆ ಇಬ್ಬರು ಮಾತಾಡಬಾರದು ಅಂತ ಮದುವೆಯಾದ ವಾರ ಪಾಠ ಹೇಳಿದ್ರಲ್ಲ, ನೆನಪಿದೆಯಾ? ನನ್ನ ಕುತ್ತಿಗೆನ ನಾನು ಕೊಳ್ತಿದ್ದೀನಿ ಅಂತ ನನಗೇನು ಗೊತ್ತು?” ಚಪ್ಪಲಿ ಮೆಟ್ಟಿದಳು. “ನಡೀರಿ. ನಾನೂ ಬರ್ತೀನಿ. ನೀವು ಬಾಯಿ ತೆರೆದ್ರೆ ದಾರಿಯಲ್ಲೇ ಇಳಿಸ್ತೀನಿ.”

ಡಾಕ್ಟರಮ್ಮ ತಮ್ಮ ಕೋಣೆಯಲ್ಲಿ ರೋಗಿಯೊಬ್ಬಳನ್ನು ಎದುರಿಗೆ ಕೂರಿಸಿಕೊಂಡದ್ದು ಅದೇ ಮೊದಲು ಎಂದು ಮೇಣದಕ್ಕ ಆಮೇಲೆ ಹೇಳಿದಳು. ಅವರ ಮೇಜಿಗೆ ಬರುವವರಿಗೆ ಮುಖವಿರುವುದಿಲ್ಲ. ಹೆಂಡತಿ ಸೆರಗು ಸರಿಸಿ ಕುತ್ತಿಗೆಯ ಮೇಲೆ ಬೆರಳಿಟ್ಟಳು: ಇಲ್ಲಿಂದ ಮೊದಲನೆಯದು, ಪಕ್ಕಕ್ಕೆ ತಿರುಗಿ ಮಲಗಿಸಿ ಇಲ್ಲಿಂದ ಎರಡನೆಯದು, ಆ ದಿನ ಕುತ್ತಿಗೆ ಊದಿಕೊಂಡು ಎರಡು ದಿನ ನುಂಗಲಾಗಲಿಲ್ಲ. ಡಾಕ್ಟರಮ್ಮ ಗಂಟಿನ ಚಿತ್ರ ಬರೆದು ಅವಳು ಹೇಳಿದ ಕಡೆಗೆಲ್ಲ ಬಾಣ ಹಾಕಿದರು. ಮೂರು ನೀಲಿ ಗೆರೆಗಳ ಮೇಲೆ ಮೂರು ಬಾಣಗಳು ಕೂತವು.

“ನಿಮ್ಮನ್ನೇ ಕೇಳಬೇಕಿತ್ತು,” ಎಂದರು. “ಆದ್ರೆ ಇದಿಷ್ಟರ ಮೇಲೆ ಕ್ಯಾನ್ಸರ್ ಇಲ್ಲ ಅಂತ ಬರೆಯಕ್ಕಾಗಲ್ಲ. ಆ ಎರಡು ಅಚ್ಚನ್ನ ಆಳಕ್ಕೆ ಕುಯ್ದು ನೋಡಬೇಕು. ಸೂಜಿ ದಾರಿ ಆಗಿದ್ರೆ ಸ್ವಲ್ಪ ಕೆಳಗೆ ಮುಗಿದುಹೋಗುತ್ತೆ, ಪೊರೆ ಮತ್ತೆ ಕೂಡಿಕೊಂಡಿರುತ್ತೆ. ಮುಗೀದೆ ಅಗಲ ಆಗ್ತಾ ಹೋದ್ರೆ ಗುರುವಾರದ ಆಪರೇಷನ್ ಆಗಲೇಬೇಕು.”

ಬುಧವಾರ ಬೆಳಗಿನಿಂದ ಮೇಣದಕ್ಕ ಆ ಎರಡು ಅಚ್ಚುಗಳನ್ನು ಬಿಟ್ಟು ಬೇರೇನೂ ಮುಟ್ಟಲಿಲ್ಲ. ನಾನು ಕಿಟಕಿಯ ಹೊರಗೆ ನೆಂಟರು ನಿಲ್ಲುವ ಜಾಗದಲ್ಲಿ ನಿಂತಿದ್ದೆ. ಒಳಗೆ ಬರಬೇಡಿ, ನಿಮ್ಮ ನಡುಕಕ್ಕೆ ಮೇಜು ಅಲುಗುತ್ತೆ ಎಂದಿದ್ದಳು. ಹತ್ತು ಸುತ್ತು ಕುಯ್ದು ಬಿಸಾಡುವುದು, ಒಂದನ್ನು ಗಾಜಿಗೆ ಎತ್ತುವುದು, ಮತ್ತೆ ಹತ್ತು. ಅಲಗು ಎಳೆದಾಗ ಅಚ್ಚಿನ ಮೇಲೆ ಬಾಯಿಯಿಂದ ಮೆಲ್ಲಗೆ ಹಾ ಎಂದು ಉಸಿರು ಬಿಟ್ಟು ತಿರುಗಿಸುತ್ತಿದ್ದಳು. ಪಕ್ಕದ ಗೆರೆಯ ಅಚ್ಚು ಮಧ್ಯಾಹ್ನದೊಳಗೆ ಉತ್ತರ ಕೊಟ್ಟಿತು: ದಾರಿ ಮುಗಿದಿತ್ತು, ಪೊರೆ ಕೂಡಿತ್ತು. ಮೇಲಿನದು ಕೊಡಲಿಲ್ಲ. ಗೆರೆ ಓರೆಯಾಗಿತ್ತು. ಮೇಲಿನ ಮಹಡಿಯಿಂದ ಪ್ರತಿ ಸಲವೂ ಒಂದೇ ಮಾತು ಬರುತ್ತಿತ್ತು: ಇನ್ನೂ ಕೆಳಗೆ.

ನಾಲ್ಕೂವರೆಗೆ ಅವಳ ಮೇಜಿನ ಫೋನು ಹೊಡೆಯಿತು. ಅವಳು ಕೇಳಿಸಿಕೊಂಡಳು, ಇಟ್ಟಳು, ಚಕ್ರದಿಂದ ಕೈ ತೆಗೆದಳು. ಕಿಟಕಿಯ ಕಡೆ ತಿರುಗಿ ತಲೆಯಾಡಿಸಿದಳು. ನನಗೆ ಅದು ಹೌದೋ ಅಲ್ಲವೋ ತಿಳಿಯಲಿಲ್ಲ. ಎರಡು ಕೈಯಲ್ಲೂ ಕಿಟಕಿಯ ಸರಳು ಹಿಡಿದು, “ಏನಕ್ಕಾ?” ಎಂದು ಕೂಗಿದೆ.

“ಮುಗೀತು,” ಎಂದಳು. “ದಾರಿ ಮುಗೀತು. ಪೊರೆ ಕೂಡಿದೆ.”

ರಕ್ತನಾಳದೊಳಗಿನ ಕಣಗಳು ಅಲ್ಲಿ ಬೆಳೆದವಲ್ಲ, ಸೂಜಿ ತಳ್ಳಿದ ಬಿಡಿ ಚೂರುಗಳು ಎಂದು ಆಮೇಲೆ ಬಿಡಿಸಿ ಹೇಳಿದರು. ಆಪರೇಷನ್ನನ್ನು ಅಂದೇ ನಿಲ್ಲಿಸಿದರು. ಡಾಕ್ಟರಮ್ಮ ತಮಗಿಂತ ಹಿರಿಯರೊಬ್ಬರಿಗೆ ಎಲ್ಲ ಗಾಜುಗಳನ್ನೂ ಕಳಿಸಿದರು, ಎಲ್ಲ ಕಾಗದಗಳ ಸಮೇತ, ತಾವು ಮೊದಲು ಬರೆದದ್ದನ್ನೂ ಸೇರಿಸಿ. ಎರಡನೆಯವರನ್ನು ಕೇಳುವುದಕ್ಕೆ ಇಂಥದ್ದೊಂದು ರೀತಿಯೂ ಇದೆಯೆಂದು ನನಗೆ ಐವತ್ತೆಂಟನೆಯ ವಯಸ್ಸಿನಲ್ಲಿ ತಿಳಿಯಿತು. ಅವರೂ ಅದನ್ನೇ ಹೇಳಿದರು: ಕ್ಯಾನ್ಸರ್ ಅಲ್ಲ, ಸೂಜಿಯ ನಂತರದ ಬದಲಾವಣೆ.

ಮೇಣದಕ್ಕನಿಗೆ ಒಂದು ಕಾಗದ ಬಂತು. ಅಪ್ಪಣೆಯಿಲ್ಲದೆ ಬಣ್ಣ ಹಾಕಿದ್ದಕ್ಕೆ ಎಚ್ಚರಿಕೆ. ಡಾಕ್ಟರಮ್ಮನೇ ಬರೆದದ್ದು. ಸಹಿ ಹಾಕಿಸಿಕೊಂಡು, ಅದೇ ಉಸಿರಿನಲ್ಲಿ, ಇನ್ನು ಮೇಲೆ ಕೈಗೆ ಏನಾದರೂ ಬೇರೆ ಥರ ಅನ್ನಿಸಿದರೆ ಬಂದು ಹೇಳಬೇಕೆಂದರಂತೆ. “ಬೈದ್ರೋ ಹೊಗಳಿದ್ರೋ?” ಎಂದು ಅವಳ ಗಂಡ ಕೇಳಿದ. “ಎರಡೂ ಕಡೆ ಸಹಿ ತಗೊಂಡ್ರು,” ಎಂದಳು.

ಮುಂದಿನ ಸೋಮವಾರ ಹೆಂಡತಿ ನನ್ನ ಜೊತೆ ಬಂದಳು. ತನ್ನ ಗಂಟನ್ನು ನೋಡಬೇಕೆಂದಳು. ಮೇಣದಕ್ಕ ಸೆಳೆಖಾನೆ ತೆಗೆದು, ಆ ಮೇಲಿನ ಗೆರೆಯ ಅಚ್ಚನ್ನು ಅಂಗೈಯಲ್ಲಿಟ್ಟು ಕೊಟ್ಟಳು. ಹೆಂಡತಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೇಣದಲ್ಲಿ ಮಸುಕಾದ ಕಂದು ಮಚ್ಚೆಯೊಂದಿತ್ತು, ಆಚೆಯ ಬೆಳಕು ಅದರ ಮೂಲಕ ತೂರುವಷ್ಟು ತೆಳು.

“ಇಷ್ಟೇನಾ ಉಳಿದಿರೋದು?”

“ಅಷ್ಟೇ. ಫೋನ್ ಬಂದಾಗ ಇನ್ನೊಂದು ನಾಲ್ಕು ಸುತ್ತು ಕುಯ್ಯೋಷ್ಟು ಇತ್ತು.”

“ಆಮೇಲೆ?”

“ಆಮೇಲೆ ಬರೀ ಮೇಣ.”

“ಅಷ್ಟರಲ್ಲಿ ದಾರಿ ಮುಗೀದೇ ಇದ್ದಿದ್ರೆ?”

ಮೇಣದಕ್ಕ ಕೈ ಒರೆಸಿಕೊಂಡಳು. “ತೋರಿಸಕ್ಕೆ ಏನೂ ಇರ್ತಿರಲಿಲ್ಲ ತಾಯಿ. ಗುರುವಾರ ನಿಮ್ಮನ್ನ ಕುಯ್ತಿದ್ರು.”

“ನಿಮಗದು ಗೊತ್ತಿತ್ತಾ, ತಿರುಗಿಸುವಾಗ?”

“ಪ್ರತಿ ಸುತ್ತಿಗೂ.”

ಹೆಂಡತಿ ಡಬ್ಬಿಯೊಂದರ ಮೇಲೆ ಕೂತಳು. ಅಚ್ಚನ್ನು ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದಿದ್ದಳು. ಮೇಣದಕ್ಕ ಕೈ ಚಾಚಿದಳು. “ಕೊಡಿ. ಮುಷ್ಟಿಯ ಬಿಸಿಗೆ ಮೆತ್ತಗಾಗುತ್ತೆ.”

“ನಂದಲ್ವಾ ಇದು?”

“ನಿಮ್ಮದೇ. ಆದ್ರೆ ಇಪ್ಪತ್ತು ವರ್ಷ ನಮ್ಮ ಸೆಳೆಖಾನೆಯಲ್ಲಿರಬೇಕು.”

ನಾನೇನೋ ಹೇಳಲು ಹೊರಟೆ. ಹೆಂಡತಿ ನನ್ನ ಕಡೆ ನೋಡದೆಯೇ ಕೈಯೆತ್ತಿ ತಡೆದಳು. ಬೆರಳುಗಳನ್ನು ಒಂದೊಂದಾಗಿ ಬಿಚ್ಚಿ ಅಚ್ಚನ್ನು ಮೇಣದಕ್ಕನ ಕೈಗಿಟ್ಟಳು. ಅದರ ಅಂಚಿನಲ್ಲಿ ಅವಳ ಹೆಬ್ಬೆರಳಿನ ಗುರುತು ಆಗಲೇ ಮೂಡಿತ್ತು.